ಖಲಂದರನ ಕಾರು ಚಾಲೂ ಆದ ದಿನ

ಫೋಟೊದಲ್ಲಿ ಕಾರಿನ ಎಡಮಗ್ಗುಲು ಮಾತ್ರ ಇತ್ತು. ಬಲಮಗ್ಗುಲು ಹೇಗಿದೆ ಎಂದು ಕೇಳಬೇಕೆಂಬುದು ಖಲಂದರನಿಗೆ ಹೊಳೆಯಲೇ ಇಲ್ಲ. ಸವಣೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದ ಆತ, ಒಳಮಗ್ಗುಲು ತಿರುವಿ ನೋಡದೆ ಒಂದು ಮೀಟರು ಲೈನಿಂಗ್ ಬಟ್ಟೆಯನ್ನೂ ಕೊಂಡವನಲ್ಲ. ಅಂಥವನು, ಹಂಸಭಾವಿಯ ಅಕ್ಕಿ ಗಿರಣಿಯವನೊಬ್ಬ ಮೊಬೈಲಿಗೆ ಕಳಿಸಿದ ಒಂದೇ ಫೋಟೊ ನೋಡಿ, “ನಮ್ಮ ಅಜ್ಜಾರು ಬರೇ ಮಠಕ್ಕ ಹೋಗಿ ಬರಾಕ ಇಟ್ಕೊಂಡಿದ್ದ ಗಾಡಿರಿ” ಎಂಬ ಮಾತು ನಂಬಿ, ಕಾರು ಕೊಂಡುಬಿಟ್ಟ.

ಕಾರು ಸವಣೂರಿಗೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಸಂತೆಯಿಂದ ಮರಳುವ ಹಟಮಾರಿ ಎಮ್ಮೆಯಂತೆ ಹಗ್ಗ ಕಟ್ಟಿಸಿಕೊಂಡು. ಎಡಗಡೆಯಿಂದ ನೋಡಿದರೆ ಮದುಮಗ, ಬಲಗಡೆಯಿಂದ ನೋಡಿದರೆ ಮದುಮಗನ ಮುತ್ತಜ್ಜ. ನಾಲ್ಕು ವರ್ಷ ಗಿರಣಿಯ ಹಿತ್ತಲಲ್ಲಿ ನಿಂತಿದ್ದರಿಂದ ಬಾಗಿಲು ತೆರೆದರೆ ಭತ್ತದ ಹೊಟ್ಟು, ಡಿಕ್ಕಿ ತೆರೆದರೆ ಭತ್ತದ ಹೊಟ್ಟು. ಖಲಂದರ ಫೋನಿನಲ್ಲಿ ಕೂಗಾಡಿದ. ಗಿರಣಿಯವನು ಒಂದಿಷ್ಟೂ ದನಿ ಏರಿಸಲಿಲ್ಲ.

“ನಾ ನಿಮಗ ಎಡಮಗ್ಗಲಾ ತೋರಿಸಿ ಮಾರೇನ್ರಿ. ಎಡಮಗ್ಗಲದಾಗ ಏನರ ತಪ್ಪ ಐತೇನು, ಹೇಳ್ರಿ?”

ಎಡಮಗ್ಗುಲಲ್ಲಿ ನಿಜಕ್ಕೂ ತಪ್ಪಿರಲಿಲ್ಲ. ಖಲಂದರ ಫೋನ್ ಇಟ್ಟ.

ಹದಿನೈದು ದಿನ ಕಾರು ಮನೆಯ ಮುಂದೆ ನಿಂತಿತು. ಓಣಿಯ ಕೋಳಿಗಳು ಅದರ ಕೆಳಗೆ ಮಧ್ಯಾಹ್ನದ ನಿದ್ದೆ ಮಾಡುವ ರೂಢಿ ಮಾಡಿಕೊಂಡವು. ಇನ್ನೂ ಹದಿನೈದು ದಿನ ನಿಲ್ಲುತ್ತಿತ್ತೋ ಏನೋ, ಆದರೆ ಆ ಭಾನುವಾರ ಅಕ್ಕಿಆಲೂರಿನಲ್ಲಿ ಶಾಕೀರಾಳ ನಿಶ್ಚಯ ಕಾರ್ಯವಿತ್ತು. ಶಾಕೀರಾ ಎಂದರೆ ಖಲಂದರನ ಹೆಂಡತಿ ಗುಲ್ನಾರಳ ಅಣ್ಣ ಹಯಾತನ ಮಗಳು. ಈ ಹಯಾತ ಹನ್ನೊಂದು ವರ್ಷಗಳ ಹಿಂದೆ ಕಾರು ಕೊಂಡಿದ್ದ. ಅಂದಿನಿಂದ ಸವಣೂರಿಗೆ ಬಂದಾಗಲೆಲ್ಲ ತಂಗಿಯ ಮನೆಯ ಬಾಗಿಲು ತಟ್ಟುವುದನ್ನು ಬಿಟ್ಟು ಹಾರ್ನ್ ಹೊಡೆಯುತ್ತಿದ್ದ. ಗುಲ್ನಾರ ಈಗಾಗಲೇ ಅಕ್ಕಿಆಲೂರಿನ ಅಷ್ಟೂ ನೆಂಟರಿಗೆ ಫೋನ್ ಮಾಡಿ, “ನಾವೂ ಈ ಸಲ ನಮ್ಮ ಗಾಡ್ಯಾಗ ಬರ್ತೇವಿ” ಎಂದು ಹೇಳಿಯಾಗಿತ್ತು.

“ನೋಡ್ರಿ,” ಎಂದಳು ಶನಿವಾರ ಗಂಡನಿಗೆ. “ನಾಳೆ ನಮ್ಮಣ್ಣನ ಮನಿ ಮುಂದ ನಾವು ಹಾರ್ನ್ ಹೊಡೀಬೇಕು. ಇಲ್ಲಂದ್ರ ನಾ ಕಾರ್ಯಕ್ಕ ಬರಂಗಿಲ್ಲ. ನೀವೂ ಹೋಗಂಗಿಲ್ಲ.”

ಭಾನುವಾರ ಬೆಳಿಗ್ಗೆ ಏಳಕ್ಕೆ ಮೆಕ್ಯಾನಿಕ್ ವಸೀಮ ಪಾನಾ, ಸ್ಕ್ರೂಡ್ರೈವರುಗಳ ಚೀಲದೊಂದಿಗೆ ಬಂದ. ಅವನ ಹಿಂದೆಯೇ ಎದುರುಮನೆಯ ಫಕ್ಕೀರಪ್ಪ ಚಹಾದ ಕಪ್ಪು ಹಿಡಿದು ಬಂದ. ಫಕ್ಕೀರಪ್ಪ ನಿವೃತ್ತ ಬಸ್ ಡ್ರೈವರ್. ಅವನ ಸರ್ವೀಸಿನ ಅಷ್ಟೂ ಖಾಕಿ ಅಂಗಿ ಹೊಲಿದವನು ಖಲಂದರ.

“ನಾ ಮೂವತ್ತು ವರ್ಷ ಬಸ್ ಹೊಡದೇನಿ. ಎಂಜಿನ್ ದನಿ ಕೇಳಿದ್ರ ಸಾಕು, ಅದರ ಜಾತಕಾ ಹೇಳ್ತೇನಿ,” ಎಂದ ಫಕ್ಕೀರಪ್ಪ.

“ಈಗ ಏನ್ ಹೇಳ್ತೈತ್ರಿ?” ಎಂದು ಕೇಳಿದ ಖಲಂದರ ಆಸೆಯಿಂದ.

ಫಕ್ಕೀರಪ್ಪ ಬಾನೆಟ್ಟಿಗೆ ಕಿವಿಯಿಟ್ಟ. “ಈಗ ಸುಮ್ಮನ ಐತಿ.”

ವಸೀಮ ಬಾನೆಟ್ ಎತ್ತಿದ. ಒಳಗೆ ವಯರುಗಳ ಜಾಗದಲ್ಲಿ ಒಂದು ಇಲಿಸಂಸಾರವಿತ್ತು. ಬೆಳಕು ಬಿದ್ದದ್ದೇ ತಡ, ತಾಯಿ, ತಂದೆ, ಮಕ್ಕಳು, ಬಹುಶಃ ಒಬ್ಬ ಅಜ್ಜಿ, ಸಾಲಾಗಿ ಇಳಿದು ಪಕ್ಕದ ಲಾಲಬಿಯ ಮನೆಯೊಳಗೆ ನುಗ್ಗಿದವು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಅದರ ಬೆನ್ನಿಗೇ ಲಾಲಬಿ.

“ಭಾಯ್! ನಿಮ್ಮ ಇಲಿ ನಮ್ಮ ಅಡಗಿಮನಿ ಹೊಕ್ಕಾವ. ಬಂದು ಹಿಡ್ಕೊಂಡ್ ಹೋಗ್ರಿ!”

“ಅವು ನನ್ನ ಇಲಿ ಅಲ್ಲ್ರಿ, ಹಂಸಭಾವಿ ಇಲಿ.”

“ಗಾಡಿ ನಿಮ್ದು ಅಂದ ಮ್ಯಾಲೆ ಗಾಡ್ಯಾಗಿನ ಇಲೀನೂ ನಿಮ್ವ!”

ಖಲಂದರ ಪೊರಕೆ ಹಿಡಿದು ಒಂದು ತಾಸು ಲಾಲಬಿಯ ಅಡುಗೆಮನೆಯಲ್ಲಿ ಕಳೆದ. ಒಂದೂ ಸಿಗಲಿಲ್ಲ. ಹೊರಗೆ ಬರುವಷ್ಟರಲ್ಲಿ ವಸೀಮ ಹೊಸ ವಯರು ಎಳೆದಿದ್ದ, ಪ್ಲಗ್ಗು ಬದಲಿಸಿದ್ದ, ತನ್ನ ಗ್ಯಾರೇಜಿನ ಬ್ಯಾಟರಿ ತಂದು ಕೂರಿಸಿದ್ದ. ಹಸಿರು ಜರಿಯ ಹೊಸ ಸೀರೆಯುಟ್ಟ ಗುಲ್ನಾರ ಗಾಡಿ ಹತ್ತಿ ಕೂತು ನೋಡುತ್ತಿದ್ದಳು.

“ಏಸಿ ಹಾಕ್ಲೇನ್ರಿ ಅಕ್ಕಾರ?” ಎಂದು ಕೇಳಿದ ವಸೀಮ.

ಗುಲ್ನಾರ ಗತ್ತಿನಿಂದ ತಲೆಯಾಡಿಸಿದಳು. ವಸೀಮ ಗುಂಡಿ ತಿರುವಿದ. ನಾಲ್ಕು ವರ್ಷದ ಹೊಟ್ಟು ಕಾರಿನ ಎಲ್ಲ ತೂತುಗಳಿಂದ ಒಮ್ಮೆಲೇ ಹೊರಟಿತು. ಕೆಳಗಿಳಿದ ಗುಲ್ನಾರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಂತೆ ಕಾಣುತ್ತಿದ್ದಳು. ಗಂಡನ ಕಡೆ ನೋಡದೆ, ಲಾಲಬಿಯತ್ತ ತಿರುಗಿ, “ಆಪಾ, ಅವರಿಗೆ ಹೇಳ್ರಿ. ನಾ ಮತ್ತ ಸ್ನಾನ ಮಾಡಿ ಬರೂದರಾಗ ಗಾಡಿ ಚಾಲೂ ಆಗಿರಬೇಕು,” ಎಂದಳು.

“ಭಾಯ್, ಗಾಡಿ ಚಾಲೂ ಆಗಿರಬೇಕಂತ,” ಎಂದಳು ಲಾಲಬಿ, ಎರಡು ಮಾರು ದೂರದಲ್ಲಿದ್ದ ಖಲಂದರನಿಗೆ.

ಹಿಂದಿನ ಸೀಟಿನ ಸ್ಪ್ರಿಂಗು ಹೊರಬಂದು ಕೂತವರನ್ನು ಚುಚ್ಚುತ್ತಿತ್ತು. ಲಾಲಬಿ ತಾನಾಗಿಯೇ ಮನೆಯಿಂದ ಒಂದು ದಪ್ಪ ಕೌದಿ ತಂದು ಹಾಸಿದಳು. ಹಾಸಿದ ಮೇಲೆ ಅದರ ಮೇಲೆ ಕೂತಳು. “ನನ್ನ ಕೌದಿ ನಾ ಒಂದs ಕಳಸಂಗಿಲ್ಲ,” ಎಂದಳು. ಮುಂದಿನ ಸೀಟಿನಲ್ಲಿ ಫಕ್ಕೀರಪ್ಪ ಹಳೆಯ ಖಾಕಿ ಅಂಗಿ ತೊಟ್ಟುಕೊಂಡು ಆಗಲೇ ಕೂತಾಗಿತ್ತು. ಮಂದಿಗೆ ದಾರಿ ಗೊತ್ತಿರಬಹುದು, ತಗ್ಗುಗಳು ಗೊತ್ತಿರುವುದು ತನಗೊಬ್ಬನಿಗೇ ಎಂಬುದು ಅವನ ವಾದ.

ಹನ್ನೊಂದು ಗಂಟೆಗೆ ವಸೀಮ ಕೀಲಿ ತಿರುವಿದ. ಕಾರು ‘ಟಕ್’ ಎಂದಿತು. ಮತ್ತೊಮ್ಮೆ ತಿರುವಿದ. ಮತ್ತೊಮ್ಮೆ ‘ಟಕ್’.

“ಸೆಲ್ಫ್ ಮೋಟರ್ ಜಾಮ್ ಆಗೇತ್ರಿ. ಅದನ್ನ ಬಿಚ್ಚಿದ್ರ ಇವತ್ತಿನ ಮಾತಲ್ಲ. ನೂಕಿ ಚಾಲೂ ಮಾಡೋಣು. ಇನ್ನೊಂದೈತ್ರಿ. ಆಕ್ಸಿಲರೇಟರ್ ಮ್ಯಾಲಿನ ಕಾಲು ತಗದ್ರ ಎಂಜಿನ್ ಬಂದ್ ಬೀಳ್ತೈತಿ. ಹಂಗಾಗಿ ಇವತ್ತ ನಾನ ಹೊಡೀತೇನಿ, ನೀವು ಬ್ಯಾಡ.”

ಖಲಂದರ ಒಪ್ಪಿದ. ಲೈಸೆನ್ಸು ಕೈಗೆ ಬಂದು ತಿಂಗಳಾಗಿತ್ತಷ್ಟೇ. ಗುಲ್ನಾರ ಎರಡನೆಯ ಸೀರೆಯಲ್ಲಿ ಬಂದು ಕೌದಿಯ ಮೇಲೆ ಕೂತಳು. ಖಲಂದರ ಇಸ್ತ್ರಿ ಮಾಡಿದ ಪೈಜಾಮದ ತುದಿ ಮಡಚಿ, ಓಣಿಯ ನಾಲ್ಕು ಜನರ ಜೊತೆ ಹಿಂದಿನಿಂದ ನೂಕತೊಡಗಿದ. ಮಾಲಕನೆಂಬ ಕಾರಣಕ್ಕೆ ನಟ್ಟನಡುವೆ ಅವನೇ ನಿಲ್ಲಬೇಕಾಯಿತು. ಹೊಗೆಕೊಳವೆ ಇದ್ದದ್ದೂ ಅಲ್ಲಿಯೇ ಹತ್ತಿರ. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ. ಕಾರು ಒಮ್ಮೆ ಕೆಮ್ಮಿತು, ಖಲಂದರನ ಬಿಳಿ ಅಂಗಿಯ ಮೇಲೆ ಕರಿ ಹೊಗೆ ಉಗುಳಿತು, ಗುಡುಗಿತು, ಹೊರಟೇಬಿಟ್ಟಿತು.

“ತಡೀರೋ! ನಾ ಹತ್ತಬೇಕು!” ಖಲಂದರ ಓಡಿದ.

ವಸೀಮ ಕಿಟಕಿಯಿಂದ ತಲೆ ಹಾಕಿ ಕೂಗಿದ: “ನಿಂತ್ರ ಮತ್ತ ನೂಕಬೇಕಾಗ್ತೈತ್ರಿ! ಬಸ್ಸಿಗೆ ಬರ್ರಿ!”

ಓಣಿಯ ತಿರುವಿನಲ್ಲಿ ಫಕ್ಕೀರಪ್ಪನ ಕೈ ಹೊರಬಂದು, ಬಲಕ್ಕೆ ಹೊರಳುತ್ತೇವೆಂದು ಸನ್ನೆ ಮಾಡಿ ಒಳಹೋಯಿತು. ಗುಲ್ನಾರ ನೆಟ್ಟಗೆ ಮುಂದೆಯೇ ನೋಡುತ್ತಿದ್ದಳು. ಹನ್ನೊಂದು ವರ್ಷ ಕಾದವಳು ಹಿಂದೆ ತಿರುಗುವುದುಂಟೆ?

ಅಕ್ಕಿಆಲೂರಿನ ದಾರಿಗೆಂದು ಹಾನಗಲ್ಲಿನ ಬಸ್ಸು ಹತ್ತಿದಾಗ ಡ್ರೈವರನೇ ಕರೆದು ಮಾತಾಡಿಸಿದ. ಅವನ ಅಂಗಿಯೂ ಖಲಂದರ ಹೊಲಿದದ್ದು.

“ಗಾಡಿ ತಗೊಂಡೀರಂತ? ಮತ್ತ ಬಸ್ಸಿಗೆ ಹೊಂಟೀರಿ?”

“ಗಾಡಿ ಮುಂದ ಹೋಗೇತ್ರಿ,” ಎಂದ ಖಲಂದರ.

ಬಂಕಾಪುರ ದಾಟಿ ಅರ್ಧ ದಾರಿಯಾಗಿರಬೇಕು, ಬಸ್ಸು ಗಕ್ಕನೆ ನಿಂತಿತು. ಮುಂದೆ ಇಕ್ಕಟ್ಟಾದ ಸೇತುವೆ. ಸೇತುವೆಯ ನಡುಮಧ್ಯೆ, ಬಲಮಗ್ಗುಲು ತೋರಿಸುತ್ತ ಓರೆಯಾಗಿ ನಿಂತ ಒಂದು ಕಾರು. “ಯಾವ ಪುಣ್ಯಾತ್ಮನ ಗಾಡ್ಯಪ್ಪಾ ಇದು! ಇಳೀರಿ, ಎಲ್ಲಾರೂ ಒಂದೀಟ ಕೈ ಹಚ್ಚರಿ,” ಎಂದು ಕಂಡಕ್ಟರ್ ಸೀಟಿ ಊದಿದ. ಪುಣ್ಯಾತ್ಮ ಎಲ್ಲರಿಗಿಂತ ಮೊದಲು ಇಳಿದ.

ಕಿಟಕಿಯಿಂದ ಗುಲ್ನಾರ ಗಂಡನನ್ನು ನೋಡಿದಳು. ಬೆಳಗಿನಿಂದ ಅವಳು ನೇರವಾಗಿ ಅವನಿಗೆ ಆಡಿದ ಮೊದಲ ಮಾತು ಇದು: “ಎಲ್ಲಿ ಹೋಗಿದ್ರಿ ಇಷ್ಟೊತ್ತು?”

“ಎಮ್ಮಿ ಅಡ್ಡ ಬಂತ್ರಿ, ಬ್ರೇಕ್ ಹಾಕಿದೆ,” ಎಂದ ವಸೀಮ. “ನೂಕ್ರಿ, ನೂಕ್ರಿ!”

ಈ ಸಲ ಖಲಂದರ ಲೆಕ್ಕ ಹಾಕಿದ್ದ. ಚಾಲೂ ಆದ ಕೂಡಲೇ ಹಿಂದಿನ ಬಾಗಿಲು ಹಿಡಿದು ಒಳಗೆ ಹಾರುವುದು. ಹದಿನೆಂಟು ಮಂದಿ ನೂಕಿದರು. ಕಾರು ಹತ್ತೇ ಹೆಜ್ಜೆಗೆ ಗುಡುಗಿತು. ಖಲಂದರ ಬಾಗಿಲಿನ ಹಿಡಿಕೆಗೆ ಕೈ ಹಾಕಿದ. ಹಿಡಿಕೆ ಕೈಯಲ್ಲಿಯೇ ಉಳಿಯಿತು, ಕಾರು ಹೋಯಿತು. ಆತ ಹಿಡಿಕೆ ಎತ್ತಿ ಬೀಸುತ್ತ ನೂರು ಹೆಜ್ಜೆ ಓಡಿದ. ಹಿಂದೆ ಬಸ್ಸು ಹೊರಟಿತು. ಸ್ವಂತ ಕಾರಿನ ಹಿಂದೆ ಓಡುತ್ತಿರುವವನು ಆ ಕಾರನ್ನೇ ಹತ್ತುತ್ತಾನೆಂದು ಕಂಡಕ್ಟರ್ ತಿಳಿದನಂತೆ. ಹಾದುಹೋಗುವಾಗ ಸಲಾಮು ಬೇರೆ ಮಾಡಿದ.

ರಸ್ತೆಯಲ್ಲಿ ಖಲಂದರ ಉಳಿದ, ಹಿಡಿಕೆ ಉಳಿಯಿತು.

ಎರಡು ತಾಸಿನ ಮೇಲೆ ಕೋಳಿ ಸಾಗಿಸುವ ಟೆಂಪೊ ಒಂದು ಸಿಕ್ಕಿತು. ಮುಂದೆ ಜಾಗವಿರಲಿಲ್ಲ. ಅಕ್ಕಿಆಲೂರಿನಲ್ಲಿ ಇಳಿದಾಗ ನಾಲ್ಕೂವರೆ. ಅಂಗಿಯ ಮೇಲೆ ಮಸಿ, ಮಸಿಯ ಮೇಲೆ ಪುಕ್ಕ. ಕಾರ್ಯ ಮುಗಿದಿರುತ್ತದೆ, ಹಯಾತ ನಾಲ್ಕು ಜನರೆದುರು ಹಂಗಿಸುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡು ಆತ ಚಪ್ಪರದೊಳಗೆ ಕಾಲಿಟ್ಟ.

ಹಯಾತ ಓಡಿಬಂದು ಪುಕ್ಕಸಮೇತ ಅಪ್ಪಿಕೊಂಡ.

“ಬರ್ರಿ ಭಾಯ್, ಬರ್ರಿ! ನಿಮ್ಮನ್ನ ನಾ ಇಷ್ಟ ವರ್ಷ ತಿಳ್ಕೊಳ್ಳಲಿಲ್ಲ. ಮಾಫ್ ಮಾಡ್ರಿ!” ಅವನ ಕಣ್ಣಲ್ಲಿ ನೀರಿತ್ತು.

ಯಾರೋ ಶಾಲು ಹೊದಿಸಿದರು. ಯಾರೋ ಶರಬತ್ತು ಕೊಟ್ಟರು. ಹುಡುಗನ ತಂದೆಯ ಮಗ್ಗುಲಿಗೆ, ದೊಡ್ಡ ಕುರ್ಚಿಯಲ್ಲಿ ಕೂರಿಸಿ ಬಿರಿಯಾನಿಯ ತಟ್ಟೆ ಮುಂದಿಟ್ಟರು. ಹೆಂಗಸರು ಅವನನ್ನು ತೋರಿಸಿ ಪಿಸುಗುಟ್ಟಿದರು. ಕೋಳಿಯ ಜೊತೆ ಕೂತಾದರೂ ಕಾರ್ಯಕ್ಕೆ ಬಂದದ್ದು ಇವರಿಗೆ ಇಷ್ಟು ಹಿಡಿಸಿತೇ ಎಂದು ಖಲಂದರ ಬೆರಗಾದ. ಹಸಿವಾಗಿತ್ತು, ಉಂಡ. ಶಾಕೀರಾ ಬಂದು ತಲೆಬಾಗಿ ಸಲಾಮು ಮಾಡಿ, “ಮಾಮಾ, ನೀವು ಮಾಡಿದ್ದನ್ನ ನಾ ಸಾಯೂತನಕ ಮರಿಯಂಗಿಲ್ಲ,” ಎಂದು ಅತ್ತಳು. ಏನು ಮಾಡಿದೆನೆಂದು ತಿಳಿಯದಿದ್ದರೂ ಖಲಂದರ ಹರಸಿದ.

ಹುಡುಗನ ತಂದೆ, ಹಿರೇಕೆರೂರಿನ ಗಂಭೀರ ಮನುಷ್ಯ, ಹತ್ತಿರಕ್ಕೆ ಬಾಗಿ ಹೇಳಿದ: “ಭಾಯ್ಸಾಬ್, ಕೊಡಾವ್ರನ್ನ ಭಾಳ ಮಂದಿ ನೋಡೇನಿ. ಆದ್ರ ಹುಡಿಗಿಗೆ ಕಾರು ಕೊಟ್ಟು, ಹೊಗಳಿಸ್ಕೊಳ್ಳಾಕ ನಾಚಿ, ಬೇಕಂತನ ಹಿಂದ ಉಳಿಯಾವ್ರನ್ನ ಇವತ್ತ ನೋಡಿದೆ.”

ಖಲಂದರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಮರಳಿ ಇಟ್ಟ. ನೀರು ಕುಡಿಯುವ ನೆಪದಲ್ಲಿ ಎದ್ದು ಹೆಂಗಸರ ಕಡೆಗೆ ಹೋದ. ಗುಲ್ನಾರ ಲಾಲಬಿಯನ್ನು ನೋಡಿದಳು. ಲಾಲಬಿ ಸೆರಗು ನೋಡಿಕೊಂಡಳು.

“ಹೆಂಗಾತಂದ್ರ ಭಾಯ್,” ಎಂದಳು ಲಾಲಬಿ. “ಬಾಗಲಾ ಮುಂದ ಹಾರ್ನ್ ಹೊಡದ್ವಿ. ಹಾರ್ನ್ ಬಂದ್ ಆಗವಲ್ದು. ಇಡೀ ಊರು ಹೊರಗ ಬಂತು. ಎಲ್ಲಾರೂ ‘ಗಾಡಿ ಬಂತು, ಮಾಲಕ ಎಲ್ಲಿ?’ ಅಂದ್ರು. ಹಯಾತಭಾಯ್ ನಕ್ಕು, ‘ಬಾಡಿಗಿ ಗಾಡಿ ಇರಬೇಕು ಬಿಡ್ರಿ’ ಅಂದ್ರು. ಇಕಿ ಮಾರಿ ನೋಡಾಕ ಆಗಲಿಲ್ಲ. ನೀವು ಸೇತುವಿ ಮ್ಯಾಲೆ ಓಡಾಕತ್ತೀರಿ ಅಂತ ಹೇಳಾಕ ಆಗ್ತೈತೇನು? ಮಾತಿನ ಭರಕ್ಕ ಬಂತು. ‘ಗಾಡಿ ಹುಡಿಗಿಗೆ ಕೊಟ್ಟಾರ, ಅದಕ್ಕs ಅವರು ಕೂತಿಲ್ಲ’ ಅಂದ್ಬಿಟ್ಟೆ.”

“ನೀ ಸುಮ್ಮನ ಇದ್ದ್ಯಾ?” ಎಂದ ಖಲಂದರ ಹೆಂಡತಿಗೆ.

“ನಮ್ಮಣ್ಣ ಎಲ್ಲಾರ ಮುಂದ ನನಗ ಕೈ ಮುಗದಾ ನೋಡ್ರಿ,” ಎಂದಳು ಗುಲ್ನಾರ ಮೆಲ್ಲಗೆ. ಅವಳ ಮುಖದ ತುಂಬ ತೃಪ್ತಿಯಿತ್ತು.

ಕುರ್ಚಿಗೆ ಮರಳಿ ಕೂತು ಅವನು ಯೋಚಿಸಿದ. ಕಾರು ಹೋಯಿತು. ಅದರ ಜೊತೆ ಸೆಲ್ಫ್ ಮೋಟರ್ ಹೋಯಿತು, ಹೊಟ್ಟು ಹೋಯಿತು, ಬಲಮಗ್ಗುಲು ಹೋಯಿತು. ನಾಳೆಯಿಂದ ವಸೀಮನ ಮುಖ ನೋಡಬೇಕಾಗಿಲ್ಲ. ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ಖಲಂದರನ ಎದೆ ಹಗುರಾಯಿತು. ಆತ ಎದ್ದು ನಿಂತು, ವಸೀಮನಿಂದ ಕೀಲಿ ಇಸಿದುಕೊಂಡು, ಹುಡುಗನ ತಂದೆಯ ಕೈಯಲ್ಲಿಟ್ಟು, ಮನಃಪೂರ್ವಕವಾಗಿ ಹೇಳಿದ: “ಇವತ್ತs ತಗೊಂಡ್ ಹೋಗ್ರಿ ಸಾಹೇಬ್ರ.”

ಹುಡುಗನ ತಂದೆ ಕೀಲಿಯನ್ನು ಕಣ್ಣಿಗೊತ್ತಿಕೊಂಡು ಹಿಂದಕ್ಕೆ ಕೊಟ್ಟ.

“ಛೇ, ಛೇ. ನಿಕಾಹ್ ಆಗೂ ಮೊದಲ ತಗೋಬಾರದ್ರಿ, ಮಂದಿ ಏನಂದಾರು! ಮದುವಿ ಇನ್ನ ಐದು ತಿಂಗಳೈತಿ. ಅಲ್ಲೀಮಟ ನಿಮ್ಮ ಕಡೇನ ಇರ್ಲಿ. ಅಷ್ಟರಾಗ ಸೆಲ್ಫು, ಸೀಟು, ಏಸಿ ಎಲ್ಲಾ ನೀವು ಹೆಂಗೂ ಮಾಡಸ್ತೀರಿ. ಬಣ್ಣ ಮಾತ್ರ ಬೆಳ್ಳಿ ಬಣ್ಣ ಹೊಡಸ್ರಿ. ನಮ್ಮ ಹುಡುಗಗ ಅದs ಇಷ್ಟ.”

ಚಪ್ಪರದ ತುಂಬ ಜನ ಮೆಚ್ಚುಗೆಯಿಂದ ತಲೆಯಾಡಿಸಿದರು.

ಕಾರಿನ ದೀಪ ಹತ್ತುತ್ತಿರಲಿಲ್ಲವಾದ್ದರಿಂದ ಹೊತ್ತು ಮುಳುಗುವ ಮೊದಲೇ ಹೊರಡಬೇಕಾಯಿತು. ಈ ಸಲ ಖಲಂದರ ಯಾರ ಮಾತೂ ಕೇಳದೆ ಎಲ್ಲರಿಗಿಂತ ಮುಂಚೆ ಹೋಗಿ ಸ್ಟೇರಿಂಗ್ ಹಿಡಿದು ಕೂತ. ವಸೀಮ ಪಕ್ಕದಲ್ಲಿ ಕೂತ, ಹಿಂದೆ ಉಳಿದ ಮೂವರು. ಎರಡೂ ಕಡೆಯ ಬೀಗರು ಸೇರಿ ನೂಕಿದರು. ಕಾರು ಗುಡುಗಿತು, ಹೊರಟಿತು. ಹಾನಗಲ್ ರಸ್ತೆಗೆ ಹೊರಳುವಾಗ ಮುಂದಿನ ಗಾಲಿ ಒಂದು ತಗ್ಗಿಗೆ ಧಡಕ್ಕೆಂದು ಇಳಿಯಿತು. ಫಕ್ಕೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಗುಲ್ನಾರ ಗಂಡನ ಹೆಗಲು ತಟ್ಟಿದಳು.

“ಸಾವಕಾಶ ಹೊಡೀರಿ,” ಎಂದಳು. “ಈಗಿದು ಮಂದಿ ಗಾಡಿ.”