ಈಶಾನ್ಯದ ಸಂಪು

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಪಕ್ಕದ ಮನೆಯ ಕೃಷ್ಣಪ್ಪ ಚೆನ್ನಾಗಿರಲಿ ಎಂದೇ ನನ್ನ ಆಸೆ. ನನಗಿಂತ ಒಂದು ಗುಲಗಂಜಿಯಷ್ಟು ಕಡಿಮೆ ಇದ್ದರೆ ಸಾಕು.

ಕೋಲಾರದ ನಮ್ಮ ಹಳೇ ಬಡಾವಣೆಯಲ್ಲಿ ಅವನ ಮನೆ, ನನ್ನ ಮನೆ ಎರಡನ್ನೂ ಒಬ್ಬನೇ ಮೇಸ್ತ್ರಿ ಕಟ್ಟಿದ್ದ. ಎರಡೂ ಒಟ್ಟಿಗೇ ಬಿರುಕು ಬಿಟ್ಟವು. ಅಲ್ಲಿಯವರೆಗೆ ನಾವು ಆಪ್ತರು. ಹೋದ ವರ್ಷ ಅವನು ಮನೆ ಕೆಡವದೆ, ಹಳೇ ಗೋಡೆಗಳನ್ನೇ ಗಟ್ಟಿ ಮಾಡಿಸಿ, ಮೇಲೊಂದು ಮಹಡಿ ಎತ್ತಿ ನರಸಾಪುರದ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಕೊಟ್ಟ. ಅಂಗಳಕ್ಕೆ ಬಿದ್ದ ಮಳೆನೀರೂ ಜಲ್ಲಿ, ಮರಳಿನಲ್ಲಿ ಸೋಸಿ ಸಂಪಿಗೆ ಇಳಿಯುವಂತೆ ಮಾಡಿದ. ಅದನ್ನು ನೋಡಲು ಕಾಲೇಜಿನ ಮಕ್ಕಳು ಮೇಷ್ಟ್ರ ಜೊತೆ ಬಂದು, ನನ್ನ ಗೇಟಿಗೆ ಬೆನ್ನು ಮಾಡಿ ನಿಂತು ಬರೆದುಕೊಂಡು ಹೋದರು. ಆ ಬೆನ್ನುಗಳನ್ನು ನಾನು ಮರೆತಿಲ್ಲ.

"ಅವರ ಮನೆಗೆ ಟ್ಯಾಂಕರ್ ಬಂದು ಎಷ್ಟು ತಿಂಗಳಾಯ್ತು ನೋಡ್ರೀ," ಎಂದಳು ಹೆಂಡತಿ ಶಾರದ. "ನಾವಿನ್ನೂ ಡ್ರಮ್ ಇಟ್ಕೊಂಡು ದಾರಿ ಕಾಯ್ತಾ ಇದೀವಿ."

ಆ ಕ್ಷಣವೇ ಶಪಥ ಮಾಡಿದೆ. ಈ ಮಳೆಗಾಲದಲ್ಲಿ ನನ್ನ ತಾರಸಿಯ ನೀರು ನನ್ನ ಸಂಪಿಗೆ! ಕೃಷ್ಣಪ್ಪನ ಸಂಪು ವಾಸ್ತು ತಪ್ಪಿ ಆಗ್ನೇಯದಲ್ಲಿತ್ತು. ನಾನು ಶಾಸ್ತ್ರೋಕ್ತವಾಗಿ ಈಶಾನ್ಯದಲ್ಲಿ ತೋಡಿಸಿದೆ. ಅಷ್ಟರಲ್ಲಾದರೂ ಅವನನ್ನು ಮೀರಿಸಬೇಕಲ್ಲ.

ಕೆಲಸಕ್ಕೆ ಬಂದ ಮೇಸ್ತ್ರಿ ವೆಂಕಟರಾಮಪ್ಪ ತಾರಸಿ ಹತ್ತಿ ಒಂದು ಚೊಂಬು ನೀರು ಸುರಿದ. ಅದು ನೈಋತ್ಯಕ್ಕೆ, ನೇರ ಕೃಷ್ಣಪ್ಪನ ಕಡೆಗೇ ಓಡಿತು.

"ನೀಳ್ಳು ಇಟು ರಾವು ಸಾರ್, ನೀರು ಈ ಕಡೆ ಬರಲ್ಲ," ಎಂದ. "ವಾಟ ಆ ಕಡೆಗೈತೆ. ಮೊದ್ಲು ತಾರಸಿ ಸರಿ ಮಾಡಾಣ."

"ಆ ಕಡೆ ನೀರು ಹೋಗೋ ತೂತು ಮುಚ್ಬಿಡಪ್ಪ. ದಾರಿ ಇಲ್ದಿದ್ರೆ ತಾನಾಗೇ ಈ ಕಡೆ ಬರ್ತದೆ," ಎಂದೆ.

ಅವನು ನನ್ನ ಮುಖ ನೋಡಿ ಸಿಮೆಂಟ್ ಕಲಸಿದ.

ಮಳೆ ಬಂತು. ನಾನು ಕೊಡೆ ಹಿಡಿದು, ಸಂಪಿನ ಮುಚ್ಚಳ ತೆಗೆದು ಕಾದೆ. ತಾರಸಿಯ ಪೈಪಿನಿಂದ ಒಂದು ಹನಿಯೂ ಇಳಿಯಲಿಲ್ಲ.

"ಏನ್ರೀ, ದೇವರ ಮನೆ ಸೋರ್ತಾ ಇದೆ," ಎಂದು ಶಾರದ ಒಳಗಿನಿಂದ ಕೂಗಿದಳು. "ದೇವರೇ ನೆನೀತಾ ಇದಾನೆ."

ಮೇಲೆ ಹತ್ತಿ ನೋಡಿದರೆ ತಾರಸಿ ಕೆರೆಯಾಗಿತ್ತು. ಬಿರುಕು ಬಿಟ್ಟಿದ್ದ ಮೋಟುಗೋಡೆಯ ಮೂಲೆ ಕಿತ್ತುಕೊಂಡು, ನೀರೆಲ್ಲ ಧೋ ಎಂದು ಕೃಷ್ಣಪ್ಪನ ಅಂಗಳಕ್ಕೆ ಬೀಳುತ್ತಿತ್ತು. ಅಲ್ಲಿಂದ ಜಲ್ಲಿ, ಮರಳು, ಅವನ ಸಂಪು. ಅದೂ ಸೋಸಿಕೊಂಡು!

ಬೆಳಿಗ್ಗೆ ಕೃಷ್ಣಪ್ಪ ಕಾಂಪೌಂಡಿನ ಮೇಲಿಂದ ಇಣುಕಿದ. "ಅಣ್ಣಾ, ನಮ್ಮ ಸಂಪು ತುಂಬಿ ಹೊರಗೆ ಹರೀತಾ ಐತೆ. ನಿಮ್ಮ ಕಡೆಗೆ ಪೈಪ್ ಹಾಕ್ಲಾ?"

ಪಾಪಿ, ನಿಜವಾದ ಪ್ರೀತಿಯಿಂದಲೇ ಕೇಳಿದ. ನನಗೆ ಸಹಿಸಲಾಗದ್ದು ಅದೇ. ನಾನು ಬೇಡ ಎನ್ನುವಷ್ಟರಲ್ಲಿ ಶಾರದ, "ಹಾಕಣ್ಣಾ" ಎಂದಿದ್ದಳು.

ಮುಂದಿನ ವಾರ ಅದೇ ಕಾಲೇಜಿನ ಮಕ್ಕಳು ನನ್ನ ಗೇಟಿಗೇ ಬಂದರು! ಇಸ್ತ್ರಿ ಶರ್ಟ್ ಹಾಕಿಕೊಂಡು ಎದುರುಗೊಂಡೆ. ಮೇಷ್ಟ್ರು ಮುಚ್ಚಿದ ತೂತು, ಮುರಿದ ಮೂಲೆ, ಸೋರಿದ ದೇವರ ಮನೆ ಎಲ್ಲ ತೋರಿಸಿ, "ಹಳೇ ಮನೆ ಸರಿ ಮಾಡೋವಾಗ ಏನೇನು ಮಾಡಬಾರ್ದು, ಬರ್ಕೊಳ್ಳಿ" ಎಂದರು. ಪುಟಗಟ್ಟಲೆ ಬರೆದುಕೊಂಡರು. ಕೃಷ್ಣಪ್ಪನ ಮನೆಗೆ ಒಂದೇ ಪುಟ ಸಾಕಾಗಿತ್ತು ಎಂಬುದನ್ನು ನಾನು ಗಮನಿಸದೆ ಇರಲಿಲ್ಲ.

ಶಾರದ ಎಲ್ಲರಿಗೂ ಕಾಫಿ ಕೊಟ್ಟಳು.

"ಕಾಫಿ ತುಂಬಾ ಚೆನ್ನಾಗಿದೆ. ಯಾವ ನೀರು ಸಾರ್?" ಎಂದು ಒಬ್ಬಳು ಕೇಳಿದಳು.

ನಾನು ಕಾಂಪೌಂಡಿನ ಆಚೆಗೆ ಕೈ ತೋರಿಸಿದೆ. ಎಲ್ಲರೂ ಮತ್ತೆ ನನಗೆ ಬೆನ್ನು ಮಾಡಿ ಆ ಕಡೆಗೆ ತಿರುಗಿದರು.