ಭಾವನ ಯುದ್ಧದ ಜೀಪು

ನಮ್ಮ ಭಾವನಿಂದ ಈವರೆಗೆ ಯಾರ ಪ್ರಾಣವೂ ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ಭಾವ ಎಂದರೆ ಅಕ್ಕನ ಗಂಡ. ಕಾಸರಗೋಡಿನವರು, ಕೊಚ್ಚಿಯಲ್ಲಿ ವಕೀಲಿ ಮಾಡಿದವರು. ಕೋರ್ಟು ಬಿಟ್ಟ ಮೇಲೆ ಎಲ್ಲರಂತೆ ತೀರ್ಥಯಾತ್ರೆಗೆ ಹೋಗಬಾರದಿತ್ತೇ? ಮಟ್ಟಾಂಚೇರಿಯ ಮಸಾಲೆ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿದ್ದ, ಎರಡನೇ ಮಹಾಯುದ್ಧದ ಅಮೆರಿಕನ್ ಮಿಲಿಟರಿ ಜೀಪೊಂದನ್ನು ಎಡಪ್ಪಳ್ಳಿಯ ಮನೆಗೆ ಎಳೆಸಿಕೊಂಡು ಬಂದರು. ಅದಕ್ಕೆ ಬಾಗಿಲಿಲ್ಲ, ಬೆಲ್ಟಿಲ್ಲ. ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಗೊತ್ತೇ? ಡ್ರೈವರ್ ಸೀಟಿನ ಅಡಿಯಲ್ಲಿ!

"ಭಾವ, ಇದಕ್ಕೆ ಬೆಂಕಿ ಹತ್ತಿಕೊಂಡರೆ?" ಎಂದೆ.

"ಹತ್ತಿದರೆ ಮೊದಲು ನನಗಲ್ವಾ ಮಾರಾಯ? ನೀನು ಎಂತಕ್ಕೆ ಹೆದರುವುದು?"

ವಕೀಲರ ಹತ್ತಿರ ವಾದ ಮಾಡಿ ಗೆಲ್ಲುವುದುಂಟೇ?

ರಿಪೇರಿ ನಾಲ್ಕು ವರ್ಷ ನಡೆಯಿತು. ನಾನು ತಿರುವನಂತಪುರದಿಂದ ಹೋದಾಗಲೆಲ್ಲ ಒಂದಲ್ಲ ಒಂದು ಗಂಡಾಂತರ. ಒಂದು ಬೆಳಿಗ್ಗೆ ಅಕ್ಕ ಇಡ್ಲಿಪಾತ್ರೆಯ ಮುಚ್ಚಳ ತೆಗೆದು ಕಿರುಚಿದಳು. ಒಳಗೆ ಸೀಮೆಎಣ್ಣೆಯಲ್ಲಿ ನೆನೆಹಾಕಿದ ಬೋಲ್ಟುಗಳು. ಪಕ್ಕದಲ್ಲೇ ಗ್ಯಾಸ್ ಉರಿಯುತ್ತಿದೆ!

"ತುಕ್ಕು ಬಿಡಲಿಕ್ಕೆ ಇಟ್ಟದ್ದು, ಮುಟ್ಟಬೇಡ," ಎಂದರು ಭಾವ.

ಗ್ಯಾಸ್ ಆರಿಸಿದ ಅಕ್ಕ ಕೇಳಿದಳು, "ಇದಕ್ಕೆ ಚಟ್ನಿ ಸಾಕಾ, ಸಾಂಬಾರೂ ಬೇಕಾ?"

ಕಡೆಗೂ ಗಾಡಿ ಗುಡುಗಿತು. ಬ್ರೇಕ್ ಪರೀಕ್ಷಿಸಿದ ಮೆಕ್ಯಾನಿಕ್, "ಸಾರೇ, ನಿಲ್ಲುತ್ತದೆ. ಸ್ವಲ್ಪ ಮುಂಚೆಯೇ ಒತ್ತಬೇಕು," ಎಂದ. ಎಷ್ಟು ಮುಂಚೆ ಎಂದು ಹೇಳಲಿಲ್ಲ ಪುಣ್ಯಾತ್ಮ!

ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡ್‌ವರೆಗೆ ಮೊದಲ ಸವಾರಿ. "ತಮ್ಮ, ಅವರೊಬ್ಬರನ್ನೇ ಬಿಡಬೇಡ, ನೀನೂ ಕೂತುಕೋ," ಎಂದಳು ಅಕ್ಕ. ನನ್ನ ಪ್ರಾಣದ ಬಗ್ಗೆ ಅವಳು ಚಕಾರವೆತ್ತಲಿಲ್ಲ.

ಅಮೆರಿಕದ ಗಾಡಿಯಲ್ಲವೇ, ಸ್ಟೀರಿಂಗ್ ಎಡಕ್ಕೆ. ಬಲಕ್ಕೆ, ಎದುರು ಬರುವ ಬಸ್ಸುಗಳ ಬಾಯಿಗೆ, ನಾನು! ನಮ್ಮ ಮುಂದೆ ತೆವಳುವ ಕಂಟೈನರ್ ಲಾರಿಯೊಂದು ಅಡ್ಡ ಸಿಕ್ಕಿತು. "ಇಲ್ಲಿಂದ ನನಗೆ ಮುಂದಿನ ರಸ್ತೆ ಕಾಣುವುದಿಲ್ಲ. ಓವರ್‌ಟೇಕ್ ಮಾಡಬಹುದಾ ಅಂತ ನೀನು ನೋಡಿ ಹೇಳಬೇಕು," ಎಂದರು ಭಾವ. ನಾನು ಸರಳು ಹಿಡಿದು, ಗಟ್ಟಿಯಾಗಿ ಕಣ್ಣು ಮುಚ್ಚಿ, ಬರುವ ಸ್ತೋತ್ರವನ್ನೆಲ್ಲ ಹೇಳತೊಡಗಿದೆ.

ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಮೆಲ್ಲಗೆ ಕಣ್ಣು ತೆರೆದೆ. ಅದೇ ಲಾರಿ, ಅದರ ಹೊಗೆ ಕುಡಿಯುತ್ತ ತೆವಳುತ್ತಿದ್ದೇವೆ. ಹಿಂದಿನವರು ಹಾರ್ನ್ ಬಾರಿಸಿ ಬೈಯುತ್ತಿದ್ದಾರೆ.

"ಯಾಕೆ ಭಾವ, ಮುಂದೆ ಹೋಗಲಿಲ್ಲ?"

"ನೀನು ಹೇಳಲಿಲ್ಲ ಅಲ್ವಾ?"

"ನಾನು... ಕಣ್ಣು ಮುಚ್ಚಿದ್ದೆ."

"ನೋಡಿದೆ. ತೆರೆಯುವವರೆಗೆ ಕಾಯುವ ಅಂತ." ಭಾವ ಸ್ಟೀರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ನನಗೂ ಹೆದರಿಕೆಯೇ ಮಾರಾಯ."

ಇಷ್ಟು ವರ್ಷ ಈ ಮನುಷ್ಯನ ಕೈಯಲ್ಲಿ ನನ್ನ ಪ್ರಾಣವಿದೆ ಎಂದು ನಡುಗಿದ್ದೆ. ಅವರು ತಮ್ಮದನ್ನು ನನ್ನ ಕೈಗಿಟ್ಟು ಸುಮ್ಮನೆ ಕಾಯುತ್ತಿದ್ದರು. ನಾಚಿಕೆಯಾಯಿತು. ತಲೆ ಹೊರಗೆ ಚಾಚಿ ರಸ್ತೆಯುದ್ದಕ್ಕೂ ನೋಡಿದೆ.

"ಬಸ್ಸೊಂದು ಬರ್ತಾ ಉಂಟು, ತಡೆಯಿರಿ," ಎಂದೆ. ಬಸ್ಸು ಹಾದುಹೋಯಿತು. ಮತ್ತೊಮ್ಮೆ ನೋಡಿದೆ.

"ಈಗ ಹೋಗುವ, ಭಾವ."