ವಾಟ್ನಿಯಾಗದೆ ಉಳಿದ ಮೇಲ್ ಐಡಿ

ನಮ್ಮ ಮನೆತನದಲ್ಲಿ ಒಬ್ಬರು ಒಂದು ಫೋಟೋ ತೆಗೆದರೆ ನಾಲ್ಕು ತಾಲ್ಲೂಕಿನಲ್ಲಿ ಜಗಳ ಶುರುವಾಗುತ್ತದೆ. ಇದು ಎಂದೋ ಒಮ್ಮೆ ಆದದ್ದಲ್ಲ, ಆಗುತ್ತಲೇ ಇರುತ್ತದೆ.

ಇದಕ್ಕೆಲ್ಲ ಮೂಲ ನನ್ನ ಮೈದುನ. ಮನೆಯಲ್ಲಿ ಮೊದಲು ಟಚ್ ಫೋನ್ ಕೊಂಡವನು ಅವನು, ಮೇಲ್ ಐಡಿ ಮಾಡಿಕೊಂಡವನೂ ಅವನೇ. ಆಮೇಲೆ ನಾವೆಲ್ಲ ಒಬ್ಬೊಬ್ಬರಾಗಿ ಫೋನ್ ಕೊಂಡಾಗ ಪ್ರತಿ ಫೋನಿಗೂ ಅದೇ ಐಡಿ ಹಾಕಿಕೊಟ್ಟ. ಆಗ ಆಲಮೇಲದ ಹತ್ತಿರದ ಊರಿನಲ್ಲಿ ಎಲ್ಲರೂ ಒಟ್ಟಿಗೇ ಇದ್ದೆವು. "ಮನಿ ಒಂದು, ಒಲಿ ಒಂದು, ಮೇಲ್ ಯಾಕ ಬ್ಯಾರೆ ಬ್ಯಾರೆ ಬೇಕು?" ಎಂದು ಅಪ್ಪಣೆ ಕೊಟ್ಟವರು ಭಾವನವರು, ಅಂದರೆ ನನ್ನ ಗಂಡನ ಅಣ್ಣ. ಆ ಮಾತನ್ನು ಈಗ ಅವರಿಗೆ ನೆನಪಿಸಬಾರದು.

ಮುಂದೆ ಆಸ್ತಿ ಪಾಲಾಯಿತು. ನಮ್ಮ ಕಡೆ ಅದಕ್ಕೆ ವಾಟ್ನಿ ಅನ್ನುತ್ತೇವೆ. ಭಾವ ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟರು. ಮೈದುನ ಇಂಡಿಗೆ ಹೋಗಿ ಲಿಂಬೆಹಣ್ಣಿನ ವ್ಯಾಪಾರ ಹಿಡಿದ. ನನ್ನ ಗಂಡ ಸಿಂದಗಿಯಲ್ಲಿ ಬಸ್ ಮೆಕ್ಯಾನಿಕ್, ನಾನು ಅಲ್ಲೇ ಅಂಗನವಾಡಿ ಕಾರ್ಯಕರ್ತೆ, ಅತ್ತೆ ನಮ್ಮ ಜೊತೆ. ನಾದಿನಿಯನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದೆ. ಹೊಲ, ಎತ್ತು, ಪಾತ್ರೆ, ಕೊನೆಗೆ ರೊಟ್ಟಿ ಹಂಚು ಕೂಡ ಪಾಲಾದವು. ಮೇಲ್ ಐಡಿಯನ್ನು ಪಾಲು ಮಾಡಬೇಕೆಂದು ಮಾತ್ರ ಯಾವ ಹಿರಿಯರಿಗೂ ಹೊಳೆಯಲಿಲ್ಲ. ಹಾಗಾಗಿ ಒಬ್ಬರು ತೆಗೆದ ಫೋಟೋ ಕ್ಲೌಡ್ ಎಂಬ ಕಾಣದ ಅಟ್ಟ ಹತ್ತಿ, ಅಲ್ಲಿಂದ ಎಲ್ಲರ ಫೋನಿಗೂ ಇಳಿಯುತ್ತದೆ.

ಇದು ನಗುವ ವಿಷಯವೇ ಆಗಿತ್ತು, ಗಡಿ ಕಲ್ಲು ಕಿತ್ತುಬರುವವರೆಗೆ. ಭಾವನ ಹೊಲಕ್ಕೂ ಮೈದುನನ ಹೊಲಕ್ಕೂ ನಡುವೆ ನೆಟ್ಟಿದ್ದ ಕಲ್ಲು ಟ್ರ್ಯಾಕ್ಟರ್ ಹೊಡೆಯುವಾಗ ಉರುಳಿಬಿತ್ತು. ಅದು ಆಚೆ ಇತ್ತು ಎಂದು ಒಬ್ಬರು, ಈಚೆ ಇತ್ತು ಎಂದು ಇನ್ನೊಬ್ಬರು. ಜಗಳದಲ್ಲಿ ಇರುವುದು ಎರಡು ಮೊಳ ನೆಲ. ಅಣ್ಣ ತಮ್ಮ ಮಾತು ಬಿಟ್ಟರು. "ಕೋರ್ಟಿನ್ಯಾಗ ನೋಡ್ಕೋತೇನಿ" ಎಂದು ಇಬ್ಬರೂ ಹೇಳಿದರು, ಅದನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ನನಗೆ ಫೋನ್ ಮಾಡಿ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಅವರು ಕೋರ್ಟಿನ ಮೆಟ್ಟಲ ಹತ್ತಿದ ದಿನ ನಿಮ್ಮ ಯಾರ ಮನ್ಯಾಗೂ ನಾ ಉಣ್ಣಂಗಿಲ್ಲ" ಎಂದರು. ನಮ್ಮ ಅತ್ತೆ ಹೇಳಿದ್ದನ್ನು ಮಾಡುವವರು. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗಲೇ.

ತತ್ತಿಯ ಪಾಲು

ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವ ತತ್ತಿಯ ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು. ದಿನಾ ಕಳಿಸುತ್ತೇನೆ. ಒಂದು ದಿನ ಬೆಳಿಗ್ಗೆ ಬಾಗೇವಾಡಿಯಿಂದ ಭಾವನವರ ಫೋನ್ ಬಂತು. ದನಿ ಬಿಗಿಯಾಗಿತ್ತು.

"ಏನವಾ, ನಿನ್ನ ಗಂಡನ ಕೈಯಾಗ ಫೋನ್ ಕೊಡು."

ಕೋರ್ಟಿನ ಮಾತೇ ಬಂತು ಎಂದುಕೊಂಡೆ. ಕೊಟ್ಟೆ.

"ಕೋಳಿ ಫಾರ್ಮ್ ಎಲ್ಲಿ ಹಾಕೀದಿ?" ಎಂದು ಕೇಳಿದರು ಭಾವ.

"ಯಾವ ಕೋಳಿ, ಅಣ್ಣಾ?"

"ನನ್ನ ಮುಂದ ಆಟ ಆಡಬ್ಯಾಡ. ದಿನಾ ಟ್ರೇಗಟ್ಟಲೆ ತತ್ತಿ ನನ್ನ ಫೋನಿಗೆ ಬರಾಕತ್ತಾವ. ವಾಟ್ನಿಗಿಂತ ಮೊದಲ ಹಾಕಿದ ಫಾರ್ಮ್ ಇದ್ರ ಅದರಾಗ ನನ್ನ ಪಾಲೂ ಐತಿ."

ನಾನು ಫೋನ್ ಕಸಿದುಕೊಂಡು, ಅವು ಸರಕಾರದ ತತ್ತಿ, ಮಕ್ಕಳು ತಿನ್ನುವ ತತ್ತಿ, ನಮಗೆ ಒಂದು ಕೋಳಿಯೂ ಇಲ್ಲ ಎಂದು ಬಿಡಿಸಿ ಹೇಳಿದೆ. ಭಾವ ಮತ್ತೂ ಕೇಳಿದರು, "ಹಂಗಾರ ನಿನ್ನೆ ಮೊದಲನೇ ಫೋಟೋದಾಗ ಇದ್ದದ್ದಕ್ಕಿಂತ ಎರಡನೇ ಫೋಟೋದಾಗ ಎರಡು ತತ್ತಿ ಯಾಕ ಕಡಿಮಿ ಅದಾವ?"

ಒಡೆದಿದ್ದವು. ನಮ್ಮ ಸೂಪರ್‌ವೈಸರ್ ಕೂಡ ಇಲ್ಲಿಯವರೆಗೆ ಅದನ್ನು ಕೇಳಿರಲಿಲ್ಲ.

ಮುದ್ದೇಬಿಹಾಳದ ಜ್ವರ

ಅಣ್ಣ ತಮ್ಮ ಇಬ್ಬರೂ ಯಾರ ಮಾತನ್ನಾದರೂ ಕೇಳುವುದಿದ್ದರೆ ಅದು ತಂಗಿಯ ಮಾತು. ಹಾಗಾಗಿ ನಾದಿನಿಯನ್ನು ಕರೆಸಿ ಬುದ್ಧಿ ಹೇಳಿಸೋಣ ಎಂದು ಫೋನ್ ಮಾಡಿದೆ. ಆಕೆಗೆ ಈ ಜಗಳದ ನಡುವೆ ಬರುವುದು ಬೇಡವಾಗಿತ್ತು.

"ಭಾಳ ಜ್ವರ ಬಂದಾವ ವೈನಿ. ಹಾಸಿಗಿ ಬಿಟ್ಟು ಏಳಾಕ ಆಗವಲ್ದು" ಎಂದು ನರಳಿದಳು. ನನಗೂ ಪಾಪ ಅನ್ನಿಸಿತು.

ಸಂಜೆ ನಾಲ್ಕೂ ಮನೆಯ ಫೋನಿಗೆ ಒಂದು ಫೋಟೋ ಇಳಿಯಿತು. ನಾಲತವಾಡದ ಸಂತೆ. ಹೊಸ ಸೀರೆ ಉಟ್ಟ ನಾದಿನಿ, ಒಂದು ಕೈಯಲ್ಲಿ ಗಿರಮಿಟ್ಟಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಕಚ್ಚಿದ ಮಿರ್ಚಿ ಭಜಿ. ಬಾಗೇವಾಡಿಯಿಂದ ಫೋನ್ ಬಂತು, ಇಂಡಿಯಿಂದಲೂ ಬಂತು. ಎಷ್ಟೋ ದಿನದ ಮೇಲೆ ಅಣ್ಣ ತಮ್ಮ ಒಂದು ವಿಷಯದಲ್ಲಿ ಒಂದೇ ಮಾತು ಆಡಿದರು.

ನಾನು ಅವಳಿಗೆ ಫೋನ್ ಮಾಡಿ, "ಜ್ವರ ಹೆಂಗೈತಿ?" ಎಂದೆ.

"ಏನ್ ಹೇಳ್ಲಿ ವೈನಿ, ಗುಟುಕು ನೀರೂ ಗಂಟಲಾಗ ಇಳಿವಲ್ದು."

"ಮಿರ್ಚಿ ಭಜಿ ಇಳದಂಗ ಕಾಣತೈತಿ."

ಆ ಕಡೆ ನರಳಾಟ ಪೂರಾ ನಿಂತಿತು. "ಅಯ್ಯ, ಆ ಫೋಟೋ ನಿಮಗೂ ಬಂತೇನ್ರಿ? ಹಂಗಾರ ಸೀರಿ ಹೆಂಗ ಕಾಣತೈತಿ, ಖರೇ ಹೇಳ್ರಿ."

ಇಬ್ಬರೂ ಒಬ್ಬರೇನಾ?

ಫೋಟೋಗಳ ಆ್ಯಪ್‌ಗೆ ಒಂದು ಕೆಟ್ಟ ಚಟ ಇದೆ. ಮುಖಗಳನ್ನು ತಾನೇ ವಿಂಗಡಿಸುತ್ತದೆ, ಅನುಮಾನ ಬಂದರೆ ನಮ್ಮನ್ನು ಕೇಳುತ್ತದೆ. ಒಂದು ಮಧ್ಯಾಹ್ನ ಎರಡು ಮುಖ ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಎಂದು ಕೇಳಿತು. ಒಂದು, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹುಬ್ಬು ಗಂಟಿಕ್ಕಿದ ಭಾವ. ಇನ್ನೊಂದು, ಲಿಂಬೆಹಣ್ಣಿನ ಚೀಲಕ್ಕೆ ಒರಗಿ ಅದೇ ಹುಬ್ಬನ್ನು ಅದೇ ಥರ ಗಂಟಿಕ್ಕಿದ ಮೈದುನ. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ತಿಳಿಯಲಿಲ್ಲ.

ಗಂಡ ಊಟಕ್ಕೆ ಕೂತಿದ್ದರು. "ಏನಂತ ಒತ್ತಲ್ರೀ?" ಎಂದು ಫೋನ್ ತೋರಿಸಿದೆ.

ಅವರು ರೊಟ್ಟಿ ಮುರಿಯುತ್ತಲೇ, "ಬ್ಯಾರೆ ಅಂತ ಒತ್ತು. ವಾಟ್ನಿ ಆಗೇತಿ" ಎಂದರು.

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಒಂದೇ ಅಂತ ಒತ್ತು. ಹಡದಾಕಿ ನಾ ಇನ್ನೂ ಅದೇನಿ."

ಇಬ್ಬರೂ ನನ್ನ ಬೆರಳನ್ನೇ ನೋಡುತ್ತಿದ್ದರು. ನಾನು ಇದೇ ಮನೆಯಲ್ಲಿ ಬಾಳಬೇಕಾದವಳು. "ಗೊತ್ತಿಲ್ಲ" ಎಂದು ಒತ್ತಿದೆ.

ಒತ್ತುವರಿ ತೆರವು

ಭಾವನವರ ಫೋನ್ ತುಂಬಿಹೋಯಿತು. ಜಾಗ ಇಲ್ಲ ಎಂದು ಅದು ಬಡಿದುಕೊಳ್ಳತೊಡಗಿದಾಗ ಅವರು ಬಾಗೇವಾಡಿಯ ಒಂದು ಮೊಬೈಲ್ ಅಂಗಡಿಗೆ ಹೋಗಿ ತೋರಿಸಿದರು. ಅಂಗಡಿಯವನು ತೆರೆದು ನೋಡಿದರೆ ಬರೀ ನನ್ನ ತತ್ತಿ, ನಾದಿನಿಯ ಸೀರೆ, ಮೈದುನನ ಲಿಂಬೆಹಣ್ಣು.

ಲಿಂಬೆಹಣ್ಣು ನೋಡಿದ್ದೇ ತಡ ಭಾವನ ಪಿತ್ತ ನೆತ್ತಿಗೇರಿತು. "ಹೊಲದಾಗ ಎರಡು ಮೊಳ ಒಳಗ ಬಂದಾನ, ಈಗ ಫೋನಿನ್ಯಾಗೂ ಬಂದಾನಲ್ಲೊ! ತಗಿ, ಎಲ್ಲಾ ತಗಿ!" ಎಂದರು. ಅಂಗಡಿಯವನು ತೆಗೆದ. ಎಲ್ಲರ ಫೋಟೋಗಳನ್ನೂ, ಒಂದೂ ಬಿಡದೆ. ಅಷ್ಟಕ್ಕೆ ಬಿಡದೆ ಪಾಸ್‌ವರ್ಡ್ ಬದಲಿಸಿ, ಹಳೇ ಐಡಿಯನ್ನು ಆ ಫೋನಿನಿಂದ ಕಿತ್ತು, ಭಾವನಿಗೆ ಒಂದು ಸ್ವಂತ ಐಡಿ ಮಾಡಿಕೊಟ್ಟ. ನಮ್ಮೆಲ್ಲರ ಫೋನಿಗೆ ಬಾಗಿಲು ಮುಚ್ಚಿತು. ಹೊಸ ಪಾಸ್‌ವರ್ಡ್ ಏನೆಂದು ಭಾವ ಕೇಳಲಿಲ್ಲ, ಅಂಗಡಿಯವನು ನೆನಪಿಟ್ಟುಕೊಳ್ಳಲಿಲ್ಲ.

ಭಾವ ನನಗೆ ಫೋನ್ ಮಾಡಿ, "ಒತ್ತುವರಿ ಪೂರಾ ತೆರವು ಮಾಡೀನಿ ನೋಡವಾ" ಎಂದು ಗೆದ್ದ ದನಿಯಲ್ಲಿ ಹೇಳಿದರು. ಹಾಗೆ ಹೇಳಿ ಒಂದು ತಾಸಿಗೆ ಮತ್ತೆ ಫೋನ್ ಬಂತು, ಈ ಸಲ ದನಿ ಸಣ್ಣದಾಗಿತ್ತು. ಅವರ ಬಟ್ಟೆ ಅಂಗಡಿಗೆ ಬಂದ ಹೊಸ ಸೀರೆಗಳ ಫೋಟೋಗಳೂ ಅದರಲ್ಲೇ ಹೋಗಿದ್ದವು.

ಎರಡು ಕೀಲಿ

ಹೀಗೆ ಎಲ್ಲ ಅಳಿಸಿ ಒಂದು ತಿಂಗಳು ಕಳೆದ ಮೇಲೆ ನನ್ನ ಗಂಡನಿಗೆ ಜ್ಞಾನೋದಯವಾಯಿತು. ಚಹಾ ಕುಡಿಯುತ್ತಿದ್ದವರು ಬಟ್ಟಲು ಹಿಡಿದಲ್ಲೇ ಹಿಡಿದು, "ಏ, ಕಲ್ಲು ನೆಟ್ಟ ದಿನ ನಾ ಒಂದು ಫೋಟೋ ಹೊಡದಿದ್ನಲ್ಲ!" ಎಂದರು.

ಹೊಡೆದಿದ್ದರು. ವಾಟ್ನಿಯ ದಿನ, ಕಲ್ಲಿನ ಹತ್ತಿರ, ಎಲ್ಲರನ್ನೂ ನಿಲ್ಲಿಸಿ. ಹಿಂದೆ ಬೇವಿನ ಮರ ಇತ್ತು, ಬಾವಿ ಇತ್ತು. ಅದನ್ನು ನೋಡಿದರೆ ಕಲ್ಲು ಎಲ್ಲಿತ್ತೆಂದು ಕಣ್ಣಿಗೇ ಕಾಣುತ್ತದೆ ಎಂಬುದು ನಮ್ಮ ಲೆಕ್ಕ. ತೆಗೆದ ಮೇಲೆ ಆ ಫೋಟೋವನ್ನು ಯಾರೂ ತೆರೆದು ನೋಡಿರಲಿಲ್ಲ. ಅದನ್ನು ತೆಗೆದ ಫೋನಿನ ಮೇಲೆ ಡಿಪೋದಲ್ಲಿ ಬಸ್ಸೇ ಹಾದುಹೋಗಿತ್ತು. ಉಳಿದದ್ದು ಕ್ಲೌಡಿನದೊಂದೇ ಪ್ರತಿ, ಅದನ್ನು ಭಾವ ತೆರವು ಮಾಡಿದ್ದರು.

ಅಳಿಸಿದ ಫೋಟೋ ಎರಡು ತಿಂಗಳು ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ತಾನೇ ಹೋಗಿಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ವಕೀಲರನ್ನು ಕಂಡುಬಂದ ಸುದ್ದಿ ಇಂಡಿಯಿಂದಲೂ ಬಂತು, ಬಾಗೇವಾಡಿಯಿಂದಲೂ ಬಂತು. ಹಿರಿಯರ ಕೈಕಾಲು ಹಿಡಿದು ಭಾನುವಾರ ಅಣ್ಣ ತಮ್ಮ ಇಬ್ಬರನ್ನೂ ಊರಿನಲ್ಲಿ ಕೂಡಿಸಿದೆವು.

ಫೋಟೋ ಮೈದುನನ ಫೋನಿನಲ್ಲಿ ತೆರೆಯಲು ಭಾವ ಒಪ್ಪಲಿಲ್ಲ. "ಹೊಲದಾಗ ಕಲ್ಲು ಸರಿಸಿದಾವ ಫೋನಿನ್ಯಾಗ ಬಿಡತಾನೇನ್ರಿ?" ಎಂದರು. ಆದರೆ ಪಾಸ್‌ವರ್ಡ್ ಇಲ್ಲದ ಮೇಲೆ ಓಟಿಪಿ ಬೇಕು, ಅದು ಬರುವುದು ಐಡಿ ಮಾಡಿದವನ ನಂಬರಿಗೆ, ಅಂದರೆ ಮೈದುನನಿಗೆ. ಎರಡು ಕೀಲಿಯ ಪೆಟ್ಟಿಗೆ ಇದ್ದಂತೆ. ಭಾವನ ಫೋನ್ ನನ್ನ ಕೈಗೆ ಬಂತು. ಭಾವ ಹಗ್ಗ ಹೆಣೆದ ಒಂದು ಹೊರಸಿನ ಮೇಲೆ, ಮೈದುನ ಎದುರಿನ ಹೊರಸಿನ ಮೇಲೆ, ಅತ್ತೆ ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ. ನಾನು ಒತ್ತಿದೆ. ಮೈದುನನ ಫೋನ್ ಟಣ್ ಎಂದಿತು.

"ಹೇಳು" ಎಂದೆ.

"ನಿಮಗ ಹೇಳಾಕ ನನ್ನ ತಕರಾರಿಲ್ಲ ವೈನಿ. ಆದ್ರ ಫೋನ್ ಅವರದು. ಅವರ ಬಾಯಿಲೆ ಕೇಳಲಿ."

"ನಾ ಯಾಕ ಕೇಳ್ಲಿ? ದೊಡ್ಡಾವ ನಾ" ಎಂದರು ಭಾವ, ಮುಖ ಅತ್ತ ತಿರುಗಿಸಿ.

ಇವರು ದೊಡ್ಡವರು ಸಣ್ಣವರು ಎನ್ನುವಷ್ಟರಲ್ಲಿ ಓಟಿಪಿಯ ಸಮಯ ಮುಗಿಯಿತು.

ಎರಡನೇ ಸಲ ಟಣ್ ಎಂದಿತು. ಹೇಗೋ ಒಪ್ಪಿಸಿ, ಮೈದುನ ಹಿರಿಯರಲ್ಲಿ ಒಬ್ಬರಾದ ಗೌಡರಿಗೆ ಹೇಳುವುದು, ಅವರು ನನಗೆ ಹೇಳುವುದು ಎಂದಾಯಿತು. ಗೌಡರು ಮೈದುನನ ಮಾತಿಗೆ ಕಿವಿ ಕೊಡದೆ ಕೈ ಅಡ್ಡ ಹಿಡಿದರು. "ತಡಿ ತಡಿ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಫೋನ್ ಹಚ್ಚಿದಾಗೆಲ್ಲ ಹೆಣ್ಣುಮಗಳು ಬಡಕೋತಾಳ. ನಾಳೆ ನನ್ನ ಮ್ಯಾಲ ಬಂದೀತು!"

"ಖರೇ ಐತ್ರಿ" ಎಂದ ಮೈದುನ. "ಯಾರಿಗೂ ಹೇಳಬಾರದು ಅಂದ್ರ ಮೊದಲ ಅಣ್ಣಗ ಹೇಳಬಾರದು."

ಅದೂ ಹೋಯಿತು. ಈ ಸಲ ಫೋನಿನಲ್ಲಿ ಬೇರೆಯೇ ಒಂದು ಸಾಲು ಬಂತು. ಇನ್ನೊಂದು ಸಲ ತಪ್ಪಿದರೆ ಮತ್ತೆ ಯಾವಾಗ ಬಿಡುತ್ತದೋ ಗೊತ್ತಿಲ್ಲ. ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆ ಊಟ ಬಿಟ್ಟು ಕೂರುವುದು ಕಣ್ಣ ಮುಂದೆ ಬಂತು. "ನಿಮ್ಮ ಕಾಲಿಗೆ ಬೀಳ್ತೇನಿ. ಇದೊಂದು ಸಲ ನೆಟ್ಟಗ ನಡೀಲಿ" ಎಂದುಬಿಟ್ಟೆ. ನಾನು ಒತ್ತಿದೆ.

ಟಣ್ ಎಂದಿತು. ಮೈದುನ ಎದ್ದ. ನೆಟ್ಟಗೆ ನಡೆದು ಬಂದು ಅಣ್ಣನ ಹೊರಸಿನ ಹತ್ತಿರ ನಿಂತು, "ಸ್ವಲ್ಪ ಆ ಕಡೆ ಸರಿ" ಎಂದ. ಅವರಿಬ್ಬರ ನಡುವೆ ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಮಾತು ಅದು. ಎರಡು ಮೊಳ ನೆಲಕ್ಕೆ ವಕೀಲರನ್ನು ಹಿಡಿದಿದ್ದ ಭಾವ ಹೊರಸಿನ ಮೇಲೆ ಎರಡು ಮೊಳ ಸರಿದರು. ಮೈದುನ ಕೂತು, ನನ್ನ ಕೈಯಿಂದ ಫೋನ್ ಇಸಿದುಕೊಂಡು ತಾನೇ ಅಂಕಿ ಒತ್ತಿದ.

ಬಾಗಿಲು ತೆರೆಯಿತು. ಕಸದ ಬುಟ್ಟಿಯಲ್ಲಿ ಮೊದಲು ತತ್ತಿ, ಆಮೇಲೆ ಲಿಂಬೆಹಣ್ಣು, ಮಿರ್ಚಿ ಭಜಿ, ಮತ್ತೆ ತತ್ತಿ. ನೆಟ್‌ವರ್ಕ್ ಬರುವುದು, ಹೋಗುವುದು. ಬಳೆಯಂಥ ಚಕ್ರ ತಿರುಗುತ್ತಲೇ ಇತ್ತು. ಅಣ್ಣ ತಮ್ಮನ ತಲೆಗಳು ಆ ಸಣ್ಣ ಪರದೆಯ ಮೇಲೆ ಕೂಡಿದ್ದವು. ಕೊನೆಗೆ ಸಿಕ್ಕಿತು. ಬೇವಿನ ಮರ, ಬಾವಿ, ಈ ಕಡೆ ಭಾವ, ಆ ಕಡೆ ಮೈದುನ. ಮೈದುನ ಬೆರಳು ಅಗಲಿಸಿ ಫೋಟೋ ದೊಡ್ಡದು ಮಾಡಿದ.

ಕಲ್ಲು ಕಾಣಲಿಲ್ಲ. ಕಲ್ಲು ಇರಬೇಕಾದ ಜಾಗದಲ್ಲಿ ಇಳಕಲ್ ಸೀರೆಯ ನೆರಿಗೆಯನ್ನು ಸುತ್ತ ಹರವಿಕೊಂಡು ಅತ್ತೆ ಕೂತಿದ್ದರು. ಮರ, ಬಾವಿ ಎಲ್ಲ ಅವರ ಸೆರಗಿನ ಹಿಂದೆ ಅರ್ಧಂಬರ್ಧ ಮುಚ್ಚಿದ್ದವು. ಕಲ್ಲು ಸೀರೆಯ ಯಾವ ತುದಿಗಿತ್ತೆಂದು ಯಾವ ಕೋರ್ಟಿನ ಅಪ್ಪನೂ ಹೇಳುವಂತಿರಲಿಲ್ಲ.

"ಅವ್ವಾ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. "ಅಷ್ಟು ದೊಡ್ಡ ಹೊಲದಾಗ ನಿನಗ ಕುಂಡ್ರಾಕ ಅದ ಕಲ್ಲ ಬೇಕಾಗಿತ್ತೇನು?"

ಅತ್ತೆ ಎಲೆ ಉಗುಳಿ, ಬಾಯಿ ಒರೆಸಿಕೊಂಡು ಹೇಳಿದರು. "ಈ ಕಡೆ ಕುಂತ್ರ ನಿನಗ ಸಿಟ್ಟು. ಆ ಕಡೆ ಕುಂತ್ರ ಅವಗ ಸಿಟ್ಟು. ಅವತ್ತ ನನಗ ಕುಂಡ್ರಾಕ ಉಳದದ್ದು ಆ ಕಲ್ಲೊಂದ."

ಗೌಡರು ಕೆಮ್ಮಿದರು. ಭಾವ ಕಣ್ಣು ಒರೆಸಿಕೊಂಡರೋ ಬೆವರು ಒರೆಸಿಕೊಂಡರೋ ನಾನು ನೋಡಲು ಹೋಗಲಿಲ್ಲ. ನನ್ನ ಕಣ್ಣಲ್ಲೇ ನೀರಿತ್ತು. ಕೊನೆಗೆ ಗೌಡರು, "ಮತ್ತ ಈಗ ಕಲ್ಲ ಎಲ್ಲಿ ನೆಡೂದು?" ಎಂದರು.

"ಅವ್ವ ಎಲ್ಲಿ ಹೇಳ್ತಾಳ ಅಲ್ಲಿ" ಎಂದ ಮೈದುನ. ಭಾವ ಹೂಂ ಅಂದರು.

ಅವತ್ತೇ ಎಲ್ಲರೂ ಹೊಲಕ್ಕೆ ಹೋದೆವು. ಅತ್ತೆ ಕೋಲಿನಿಂದ ತೋರಿಸಿದ ಕಡೆ ಅಣ್ಣ ತಮ್ಮ ಇಬ್ಬರೂ ಸೇರಿ ಕಲ್ಲು ನೆಟ್ಟರು. ಮುಂದೆ ತಕರಾರು ಬರಬಾರದೆಂದು ನನ್ನ ಗಂಡ ಫೋನ್ ಹಿಡಿದು, ಈ ಸಲ ಬಹಳ ಎಚ್ಚರದಿಂದ, ಮರ ಬಾವಿ ಎಲ್ಲ ಬರುವ ಹಾಗೆ ನಿಂತರು.

"ಅವ್ವಾ, ಏಳು. ಕಲ್ಲಿನ ಫೋಟೋ ತಗಿಬೇಕು."

"ನೀ ತಗಿ" ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ.

ಹಳೇ ಐಡಿ ಮತ್ತೆ ಎಲ್ಲರ ಫೋನಿಗೂ ಬಂದಿದೆ, ಆ ಫೋಟೋ ಈಗ ನಾಲ್ಕೂ ತಾಲ್ಲೂಕಿನ ಫೋನಿನಲ್ಲಿ ಇದೆ. ಅಣ್ಣ ತಮ್ಮ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದ್ದಾರೆ, ಅತ್ತೆ ಬಾಯಿ ತುಂಬ ನಗುತ್ತಿದ್ದಾರೆ. ಕಲ್ಲು ಈ ಸಲವೂ ಕಾಣುವುದಿಲ್ಲ.